ರಾಜಾಜಿನಗರದಲ್ಲಿ ಉಳಿದುಹೋದ ಬಂಗಾರದ ಮೀನು

ಬೆಂಗಳೂರಿಗೆ ಬಂದಾಗ ನವರಂಗ್ ವೃತ್ತದಿಂದ ನಮ್ಮ ರಾಜಾಜಿನಗರದೊಳಗೆ ಒಮ್ಮೆ ನಡೆದು ಬನ್ನಿ. ಹಳೇ ಮನೆಗಳ ಮಗ್ಗುಲಲ್ಲೇ ಬಾಡಿಗೆ ಮಹಡಿಗಳು ಎದ್ದಿವೆ. ಮನೆ ಬದಲಾಯಿಸುವಾಗ ಪಾತ್ರೆ ಪಡಗವೆಲ್ಲ ಲಾರಿ ಏರುತ್ತೆ. ಮಕ್ಕಳು ಆಸೆಪಟ್ಟು ತಂದ ಮೀನು ಮಾತ್ರ ಮೆಟ್ಟಿಲ ಕೆಳಗೆ ಉಳಿದುಬಿಡುತ್ತೆ.

ಹಾಗೆ ಉಳಿದ ಗೋಲ್ಡ್ ಫಿಷ್ ಒಂದು ಗಾಜಿನ ಬೋಗುಣಿ ಸಮೇತ ನಮ್ಮನೆಗೆ ಬಂತು. ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿತ್ತು. ‘ಅದರ ಆಯುಸ್ಸು ಮುಗೀತು’ ಅಂದರು ಎಲ್ಲರೂ. ಆಯುಸ್ಸಲ್ಲ, ಕೆಟ್ಟಿದ್ದು ನೀರು. ಮೀನಿನ ಕಸದಿಂದ ಹುಟ್ಟುವ ಅಮೋನಿಯವೇ ಅದಕ್ಕೆ ವಿಷ.

ಹಾಗಂತ ಪೂರಾ ನೀರು ಚೆಲ್ಲಬೇಡಿ. ದಿನಕ್ಕೆ ಕಾಲು ಭಾಗ ಬದಲಿಸಿ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ. ಚೇತರಿಸಿಕೊಳ್ಳುತ್ತಲೇ ದೊಡ್ಡ ತೊಟ್ಟಿಗೆ ಬಿಡಿ. ಆರೋಗ್ಯವಾದ ಮೀನು ಸಾಕಿರುವವರಿಂದ ಬಳಸಿದ ಫಿಲ್ಟರ್ ಸ್ಪಂಜು ಕೇಳಿ ತನ್ನಿ. ಅಮೋನಿಯ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿರುತ್ತೆ; ಹಾಲಿಗೆ ಹೆಪ್ಪು ಹಾಕಿದ ಹಾಗೆ! ಅದನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಸಾಕು. ನಮ್ಮ ಮೀನು ಮೂರು ವಾರದಲ್ಲಿ ಚುರುಕಾಯಿತು.

‘ಕೆರೆಗೆ ಬಿಟ್ಟರೆ ಪುಣ್ಯ’ ಅನ್ನುವವರಿದ್ದಾರೆ. 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ ನಮಗೇನೂ ದೂರವಲ್ಲ. ಆದರೆ ಚೀನಾ ಮೂಲದ ಈ ಮೀನು ಅಲ್ಲಿ ಬದುಕಿದರೆ ತಳ ಕೆದಕಿ ನೀರು ಕದಡುತ್ತೆ. ಇಲ್ಲವೇ ಹಕ್ಕಿಯ ಪಾಲಾಗುತ್ತೆ. ಸಾಕೋಕೆ ಆಗದಿದ್ದರೆ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಮಗು ಹಟ ಮಾಡಿತು ಅಂತ ಕೊಳ್ಳುವ ಮುಂಚೆ ಒಂದು ಮಾತು: ಚೆನ್ನಾಗಿ ನೋಡಿಕೊಂಡರೆ ಗೋಲ್ಡ್ ಫಿಷ್ ಹತ್ತು ವರ್ಷಕ್ಕೂ ಮೀರಿ ಬಾಳುತ್ತೆ. ಅಷ್ಟು ವರ್ಷ ನೋಡಿಕೊಳ್ಳುವ ಮನಸ್ಸಿದ್ದರೆ ಮಾತ್ರ ಮನೆಗೆ ತನ್ನಿ.