ಬೆಲ್‌ಫಾಸ್ಟಿನ ಫೋಟೋಗಳು ಮತ್ತು ನಮ್ಮ ಪೈಂಟಿನ ಡಬ್ಬ

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯೊಬ್ಬಳು ಈಗ ಬೆಲ್‌ಫಾಸ್ಟಿನಲ್ಲಿ ನರ್ಸ್ ಆಗಿದ್ದಾಳೆ. ಕಾಸರಗೋಡಿನಿಂದ ನರ್ಸಿಂಗ್ ಕಲಿತು ಹೊರದೇಶಕ್ಕೆ ಹೋದವರು ಒಬ್ಬಿಬ್ಬರಲ್ಲ, ಹಾಗಾಗಿ ಇದೇನೂ ದೊಡ್ಡ ಸುದ್ದಿಯಲ್ಲ. ಶಿಕ್ಷಕರ ದಿನಕ್ಕೆ, ದೀಪಾವಳಿಗೆ ತಪ್ಪದೆ ಒಂದು ಮೆಸೇಜ್ ಕಳಿಸುತ್ತಾಳೆ. ಕಳೆದ ಮಳೆಗಾಲದ ಒಂದು ಭಾನುವಾರ ಮಾತ್ರ ಸಾಲಾಗಿ ಹನ್ನೊಂದು ಫೋಟೋ ಬಂದವು. ಎಲ್ಲವೂ ಕಪ್ಪು-ಬಿಳುಪು. ಯಾವುದೋ ಹಳೆ ಆಲ್ಬಮ್ಮಿನ ಹಾಳೆಗಳನ್ನು ಮೊಬೈಲಿನಲ್ಲಿ ತೆಗೆದದ್ದು.

ಮೊದಲನೆಯದರಲ್ಲಿ ಸುಮಾರು ಹದಿನೇಳು ವರ್ಷದ ಹುಡುಗಿ. ತಲೆಗೂದಲು ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಂತಿದೆ. ಶಾಲೆಯ ಕೋಟಿನ ತೋಳು ಕತ್ತರಿಸಿ ಅಲ್ಲಲ್ಲಿ ಸೇಫ್ಟಿ ಪಿನ್ನು ಚುಚ್ಚಿಕೊಂಡಿದ್ದಾಳೆ. ಕಾಲಿಗೆ ದೊಡ್ಡ ಬೂಟು. ನಮ್ಮ ಸ್ಟಾಫ್ ರೂಮಿನವರು ಯಾರಾದರೂ ನೋಡಿದ್ದರೆ "ನಾಳೆ ರಕ್ಷಕರನ್ನು ಕರಕೊಂಡು ಬಾ" ಅನ್ನುವುದು ಖಂಡಿತ.

ಕೆಳಗೆ ಬರೆದಿದ್ದಳು: "ಮಾಸ್ಟ್ರೇ, ಇದು ನಾನು ಬಾಡಿಗೆಗೆ ಇರುವ ಮನೆಯ ಅಜ್ಜಿ. ನರ್ಸ್ ಆಗಿಯೇ ನಿವೃತ್ತರಾದವರು. 1978ರಲ್ಲಿ ಹೀಗಿದ್ದರಂತೆ! ಸಕ್ಕರೆ ನೀರು ಹಚ್ಚಿ ಕೂದಲು ನಿಲ್ಲಿಸುತ್ತಿದ್ದರಂತೆ, ಜೇನ್ನೊಣದ ಕಾಟ ಬೇರೆ."

ಪಂಕ್ ಅನ್ನುವುದು ನನಗೆ ಹೆಸರಿನಿಂದ ಗೊತ್ತಿತ್ತು ಅಷ್ಟೆ. ಆ ಹನ್ನೊಂದು ಫೋಟೋಗಳಿಂದಾಗಿ ಎರಡು ವಾರ ಅದೇ ಓದಿದೆ. 1975-76ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ರಮೋನ್ಸ್, ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಹುಡುಗರ ಗುಂಪುಗಳು ಶುರುಮಾಡಿದ ಗಲಾಟೆ ಸಂಗೀತ ಅದು. ಗಿಟಾರಿನಲ್ಲಿ ಮೂರು ಸ್ವರಗುಚ್ಛ ನುಡಿಸಲು ಬಂದರೆ ಸಾಕು, ವೇದಿಕೆ ಹತ್ತಬಹುದು. ಗುರು ಬೇಡ, ಅರಂಗೇಟ್ರಂ ಬೇಡ. ಸಿಟ್ಟಿದ್ದರೆ ಸಿಟ್ಟನ್ನೇ ಹಾಡು. ಆಮೇಲೆ ಇದೇ ಗುಂಪಿನ ಸುತ್ತಮುತ್ತಲಿಂದ ಸ್ವಲ್ಪ ಇಂಪು, ಕೀಬೋರ್ಡು ಎಲ್ಲ ಸೇರಿಸಿಕೊಂಡು ಬಂದದ್ದಕ್ಕೆ ನ್ಯೂ ವೇವ್ ಎಂದು ಹೆಸರಾಯಿತು. ಇಲ್ಲಿಯವರೆಗೆ ಸರಿ, ದೊಡ್ಡ ನಗರದ ಮಕ್ಕಳ ಶೋಕಿ ಅಂದುಕೊಂಡು ಬಿಡಬಹುದು. ಬೆಲ್‌ಫಾಸ್ಟಿನ ಕತೆ ಬೇರೆ.

ಐರ್ಲೆಂಡ್ 1921ರಲ್ಲಿ ವಿಭಜನೆಯಾಗಿ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಜತೆ ಉಳಿದವು. ಅಲ್ಲಿ ಪ್ರಾಟೆಸ್ಟಂಟರು ಒಂದು ಕಡೆ, ಕ್ಯಾಥೊಲಿಕರು ಇನ್ನೊಂದು ಕಡೆ. ಬೀದಿ ಬೇರೆ, ಆಟ ಬೇರೆ, ಶಾಲೆ ಬೇರೆ. 1960ರ ದಶಕದ ಕೊನೆಯಲ್ಲಿ ಶುರುವಾದ ಹಿಂಸೆ 1998ರ ಒಪ್ಪಂದದವರೆಗೂ ನಡೆದು ಸುಮಾರು 3,500 ಮಂದಿ ಸತ್ತರು. ಆ ಕಾಲದಲ್ಲಿ ಬೆಲ್‌ಫಾಸ್ಟಿನ ಪೇಟೆಯ ನಡುಭಾಗಕ್ಕೆ ಸುತ್ತಲೂ ಕಬ್ಬಿಣದ ಗೇಟು. ಅಂಗಡಿಗೆ ಹೋಗಬೇಕಾದರೂ ಚೀಲ ಬಿಚ್ಚಿ ತೋರಿಸಬೇಕು. ಸಂಜೆಯಾದರೆ ಪೇಟೆ ಖಾಲಿ. 1975ರ ಜುಲೈ 31ರ ನಸುಕಿನಲ್ಲಿ, ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದ ಮಿಯಾಮಿ ಶೋಬ್ಯಾಂಡ್ ಎಂಬ ಜನಪ್ರಿಯ ತಂಡದ ವ್ಯಾನನ್ನು ಸುಳ್ಳು ತಪಾಸಣೆಯ ನೆಪದಲ್ಲಿ ನಿಲ್ಲಿಸಿ ಮೂವರು ಕಲಾವಿದರನ್ನು ಕೊಂದರು. ಎರಡೂ ಮತದವರಿದ್ದ ತಂಡವದು. ಅಲ್ಲಿಂದ ಮುಂದೆ ಹೊರಗಿನ ತಂಡಗಳು ಬೆಲ್‌ಫಾಸ್ಟ್ ಅಂದರೆ ಹೆದರುತ್ತಿದ್ದವು.

ಇನ್ನೊಂದು ಫೋಟೋ ಅಲುಗಾಡಿದೆ, ಏನೆಂದು ಸರಿಯಾಗಿ ಕಾಣುವುದಿಲ್ಲ. ಬೀದಿ ತುಂಬ ಜನ, ಅಂಚಿನಲ್ಲಿ ಪೊಲೀಸ್ ಗಾಡಿ. ಅಜ್ಜಿ ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಕು ಬರೆದಿಟ್ಟಿದ್ದಾರೆ: 20 ಅಕ್ಟೋಬರ್ 1977. ಅಂದು ಲಂಡನ್ನಿನ ಕ್ಲ್ಯಾಶ್ ತಂಡ ಅಲ್‌ಸ್ಟರ್ ಹಾಲಿನಲ್ಲಿ ಹಾಡಬೇಕಿತ್ತು. ಕೊನೆ ಗಳಿಗೆಯಲ್ಲಿ ಸಭಾಂಗಣದ ವಿಮೆ ರದ್ದಾಗಿ ಕಾರ್ಯಕ್ರಮ ನಿಂತಿತು. ಟಿಕೇಟು ಹಿಡಿದು ಬಂದ ಹುಡುಗ ಹುಡುಗಿಯರು ಬೆಡ್‌ಫರ್ಡ್ ಸ್ಟ್ರೀಟಿನಲ್ಲಿ ಅಡ್ಡ ಕೂತರು, ಪೊಲೀಸರ ಜತೆ ತಳ್ಳಾಟವಾಯಿತು. ಕ್ಲ್ಯಾಶ್‌ನವರು ಆ ದಿನ ಸೈನಿಕರ ಚೆಕ್‌ಪೋಸ್ಟುಗಳ ಪಕ್ಕ ನಿಂತು ತೆಗೆಸಿಕೊಂಡ ಚಿತ್ರಗಳು ಆಮೇಲೆ ಜಗತ್ತಿಗೆಲ್ಲ ಪ್ರಸಿದ್ಧವಾದವು. ತೆಗೆದವರು ಏಡ್ರಿಯನ್ ಬೂಟ್. ಅವು ಚೊಕ್ಕ ಚಿತ್ರಗಳು. ಆದರೆ ಊರಿನ ಕೆಲವು ಹುಡುಗರಿಗೆ ಕೋಪ ಬಂದಿತ್ತಂತೆ. ನಮ್ಮ ಕಷ್ಟದ ಎದುರು ನಿಂತು ಫೋಟೋ ತೆಗೆಸಿಕೊಂಡು ಹೋದರಲ್ಲಾ, ಅಂತ. ಅಜ್ಜಿಯ ಅಲುಗಾಡಿದ ಫೋಟೋದಲ್ಲಿ ಪ್ರಸಿದ್ಧರು ಯಾರೂ ಇಲ್ಲ. ಬರೀ ಊರಿನ ಮಕ್ಕಳು. ಅಲ್ಲಿ ಮೊದಲ ಸಲ ಅವರು ಒಬ್ಬರನ್ನೊಬ್ಬರು ನೋಡಿದ್ದು ಎಂದು ಅಜ್ಜಿ ಹೇಳುತ್ತಾರಂತೆ. "ನನ್ನ ಹಾಗೆ ಇನ್ನೂ ಇಷ್ಟು ಜನ ಇದ್ದಾರಾ ಅಂತ ಆಶ್ಚರ್ಯವಾಯಿತು."

ಆ ಮಕ್ಕಳಿಗೆ ಸೇರಲು ಒಂದು ಜಾಗ ಬೇಕಿತ್ತು. ಬಾಂಬುಗಳಿಗೆ ಹೆಸರಾಗಿದ್ದ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿ ಟೆರಿ ಹೂಲಿ ಎಂಬ ಒಂಟಿಕಣ್ಣಿನ ಮನುಷ್ಯ ಗುಡ್ ವೈಬ್ರೇಶನ್ಸ್ ಎಂಬ ರೆಕಾರ್ಡ್ ಅಂಗಡಿ ಇಟ್ಟಿದ್ದ. ಇನ್ನೊಂದು ಜಾಗ ಹಿಲ್ ಸ್ಟ್ರೀಟಿನ ಹಾರ್ಪ್ ಬಾರ್. 1978ರ ಏಪ್ರಿಲಿನಿಂದ ಅಲ್ಲಿ ಪಂಕ್ ಕಾರ್ಯಕ್ರಮ. ಕೈಬರಹದ ಪತ್ರಿಕೆ ನಮ್ಮ ಶಾಲೆಗಳಲ್ಲಿ ಉಂಟಲ್ಲ, ಅದೇ ತರಹ ತಾವೇ ಬರೆದು ತಾವೇ ಹಂಚುವ ಪತ್ರಿಕೆಗಳೂ ಬಂದವು. ಅದರಲ್ಲೊಂದರ ಹೆಸರು 'ಆಲ್ಟರ್ನೇಟಿವ್ ಅಲ್‌ಸ್ಟರ್'. ಸ್ಟಿಫ್ ಲಿಟಲ್ ಫಿಂಗರ್ಸ್ ಎಂಬ ಬೆಲ್‌ಫಾಸ್ಟಿನ ತಂಡ ಅದೇ ಹೆಸರಿನಲ್ಲಿ ಹಾಡು ಕಟ್ಟಿತು. ಅವರ ಹಾಡುಗಳ ತುಂಬ ಬಾಂಬು, ಸೈನಿಕರು, ಬೇಸರ. 1979ರ ಅವರ ಮೊದಲ ರೆಕಾರ್ಡು ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಹೋಯಿತು.

ಆದರೆ ನನಗೆ ಹಿಡಿಸಿದ್ದು ಅಂಡರ್‌ಟೋನ್ಸ್. ಅವರು ಡೆರಿ ಪಟ್ಟಣದ ಹುಡುಗರು. ಆ ಊರಿಗೆ ಎರಡು ಹೆಸರು. ಒಬ್ಬರು ಡೆರಿ ಅಂದರೆ ಇನ್ನೊಬ್ಬರು ಲಂಡನ್‌ಡೆರಿ ಅನ್ನಬೇಕು. ಯಾವ ಹೆಸರು ಹೇಳಿದಿರಿ ಅನ್ನುವುದರಲ್ಲೇ ನೀವು ಯಾವ ಕಡೆಯವರು ಎಂದು ತಿಳಿಯುತ್ತದೆ. (ಕಾಸರಗೋಡು, ಕಾಸರ್‌ಕೋಡ್ ಎಂಬ ಬಸ್ಸಿನ ಬೋರ್ಡು ನೋಡಿಕೊಂಡೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಅಂಥ ಊರಿನ ಈ ಹುಡುಗರು ಸಾದಾ ಸ್ವೆಟರು ಹಾಕಿಕೊಂಡು, ಬಾಂಬಿನ ಬಗ್ಗೆ ಒಂದು ಮಾತೂ ಆಡದೆ, ಪಕ್ಕದ ಬೀದಿಯ ಹುಡುಗಿಯ ಬಗ್ಗೆ ಹಾಡಿದರು! 'ಟೀನೇಜ್ ಕಿಕ್ಸ್' ಎಂಬ ಆ ಹಾಡು ಬೆಲ್‌ಫಾಸ್ಟಿನಲ್ಲಿ ರೆಕಾರ್ಡ್ ಆಗಿ 1978ರ ಸೆಪ್ಟೆಂಬರಿನಲ್ಲಿ ಹೂಲಿಯ ಅಂಗಡಿಯ ಹೆಸರಿನಲ್ಲೇ ಹೊರಬಂತು. ಬಿಬಿಸಿ ರೇಡಿಯೋದ ಜಾನ್ ಪೀಲ್ ಅದನ್ನು ಒಮ್ಮೆ ಹಾಕಿ, ಮನಸ್ಸು ತುಂಬದೆ ಕೂಡಲೇ ಇನ್ನೊಮ್ಮೆ ಹಾಕಿದರು. 2004ರಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನಲ್ಲಿ ಇವತ್ತು ಆ ಹಾಡಿನದೇ ಸಾಲು ಇದೆ.

ಹಾಡಿನಿಂದ ಊರು ಸರಿಹೋಯಿತು ಅಂತ ತಿಳಿಯಬೇಡಿ. ಸಾವುಗಳು ನಿಲ್ಲಲಿಲ್ಲ. 1981ರಲ್ಲಿ ಜೈಲಿನಲ್ಲಿ ಉಪವಾಸ ಕೂತು ಹತ್ತು ಮಂದಿ ಸತ್ತಾಗ ಊರು ಇನ್ನಷ್ಟು ಒಡೆಯಿತು. ಹೂಲಿಯ ಅಂಗಡಿ 1982ರಲ್ಲಿ ದಿವಾಳಿಯಾಯಿತು. ಮುಂದಿನ ವರ್ಷ ಅಂಡರ್‌ಟೋನ್ಸ್ ಚದುರಿತು. ಒಟ್ಟು ನಾಲ್ಕೈದು ವರ್ಷದ ಆಟ.

ಏಳನೆಯ ಫೋಟೋ ಹಾರ್ಪ್ ಬಾರಿನ ಒಳಗಡೆಯದು. ಹದಿನಾಲ್ಕು ಮಂದಿ ಗೋಡೆಗೆ ಒರಗಿದ್ದಾರೆ. ಕೆಲವರು ನಾಲಿಗೆ ಚಾಚಿದ್ದಾರೆ. ನಾನು ಶಿಕ್ಷಕ, ಹಾಜರಿ ಕರೆದು ಅಭ್ಯಾಸ. ಯಾರು ಕ್ಯಾಥೊಲಿಕ್, ಯಾರು ಪ್ರಾಟೆಸ್ಟಂಟ್ ಎಂದು ಅಜ್ಜಿಯನ್ನು ಕೇಳಿ ನೋಡು ಅಂದೆ. ಮಾರನೇ ದಿನ ಉತ್ತರ ಬಂತು:

"ಕೇಳಿದೆ ಮಾಸ್ಟ್ರೇ. ಹಲವರದ್ದು ಅವರಿಗೆ ಎರಡು ವರ್ಷ ಗೊತ್ತೇ ಇರಲಿಲ್ಲವಂತೆ. ಇಲ್ಲಿ ಯಾರೂ ನೇರ ಮತ ಕೇಳುವುದಿಲ್ಲ. ಯಾವ ಶಾಲೆಗೆ ಹೋದದ್ದು ಅಂತ ಕೇಳುತ್ತಾರೆ, ಅದರಲ್ಲೇ ತಿಳಿಯುತ್ತದೆ. ಇಂಗ್ಲಿಷಿನ ಎಂಟನೇ ಅಕ್ಷರವನ್ನು ಎಚ್ ಅನ್ನುತ್ತಾರಾ, ಹೆಚ್ ಅನ್ನುತ್ತಾರಾ ಅಂತಲೂ ನೋಡುತ್ತಾರೆ. ಹಾರ್ಪಿನಲ್ಲಿ ಮಾತ್ರ ಯಾರೂ ಯಾರ ಶಾಲೆಯನ್ನೂ ಕೇಳುತ್ತಿರಲಿಲ್ಲವಂತೆ."

ಯಾವ ಶಾಲೆ ಎಂದು ಕೇಳಿದರೆ ಯಾವ ಮತವೆಂದು ಕೇಳಿದ ಹಾಗೆ! ಇಪ್ಪತ್ತೈದು ವರ್ಷದಿಂದ ಶಾಲೆಯಲ್ಲೇ ಇರುವ ನನಗೆ ಈ ಮಾತು ಚುಚ್ಚಿತು. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಕಲಿಯಲಿ ಎಂದು ಕೆಲವು ಹೆತ್ತವರು ಸೇರಿ ಬೆಲ್‌ಫಾಸ್ಟಿನಲ್ಲಿ ಲಗಾನ್ ಕಾಲೇಜ್ ಎಂಬ ಶಾಲೆ ತೆರೆದದ್ದು 1981ರಲ್ಲಿ, 28 ಮಕ್ಕಳಿಂದ. ಇವತ್ತಿಗೂ ಉತ್ತರ ಐರ್ಲೆಂಡಿನಲ್ಲಿ ಅಂಥ ಶಾಲೆಗಳಿಗೆ ಹೋಗುವ ಮಕ್ಕಳು ಹತ್ತರಲ್ಲಿ ಒಬ್ಬರಷ್ಟೂ ಇಲ್ಲ.

ಆಮೇಲೆ ಅವಳು ಕೇಳಿದಳು: "ನಮ್ಮ ಬ್ಯಾಂಡಿನ ಫೋಟೋ ನಿಮ್ಮ ಹತ್ತಿರ ಉಂಟಾ?"

ನಾನು ಉಂಟು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

2004ರ ಮಾತು. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಮ್ಮದು ಕನ್ನಡ ಮತ್ತು ಮಲಯಾಳಂ ಎರಡೂ ವಿಭಾಗಗಳಿರುವ ಶಾಲೆ. 1956ರ ನವೆಂಬರ್ 1ರಂದು ಗೆರೆ ಎಳೆದಾಗಿನಿಂದ ನಮ್ಮವರ ಚಿಂತೆ ಏನೆಂದು ಇದನ್ನು ಓದುವ ನಿಮಗೆ ಗೊತ್ತು. ಪ್ರತಿ ಜೂನ್ ತಿಂಗಳ ಆರನೇ ಕೆಲಸದ ದಿನ ತಲೆ ಎಣಿಸುವಾಗ ಕನ್ನಡ ಡಿವಿಷನ್ ಉಳಿಯುತ್ತದಾ ಹೋಗುತ್ತದಾ ಎಂದು ಎದೆ ಹೊಡೆದುಕೊಳ್ಳುತ್ತದೆ. ವಾರ್ಷಿಕೋತ್ಸವದಲ್ಲಿ ಕನ್ನಡ ವಿಭಾಗಕ್ಕೆ ಒಂದೂವರೆ ಗಂಟೆ ಸಿಗುತ್ತಿತ್ತು. ಅದರ ಜವಾಬ್ದಾರಿ ನನ್ನದು. ಆ ಒಂದೂವರೆ ಗಂಟೆಯನ್ನು ನಾನು ಗಡಿ ಕಾಯುವ ಹಾಗೆ ಕಾಯುತ್ತಿದ್ದೆ.

ಒಂಬತ್ತನೇ ತರಗತಿಯ ಐದು ಮಕ್ಕಳು ಬಂದರು. ಈ ಹುಡುಗಿ, ಇಗರ್ಜಿಯಿಂದ ಗಿಟಾರ್ ತಂದ ಕೊಂಕಣಿ ಹುಡುಗ, ಸಣ್ಣ ಕ್ಯಾಸಿಯೋ ಹಿಡಿದ ಒಬ್ಬ, ಮಲಯಾಳಂ ವಿಭಾಗದ ಇಬ್ಬರು. ಡ್ರಮ್ಮಿನ ಬದಲು ಪೈಂಟಿನ ಡಬ್ಬ. ಹಾಡು ಅವರೇ ಕಟ್ಟಿದ್ದು. ಕನ್ಸೆಶನ್ ಮಕ್ಕಳನ್ನು ಕಂಡರೆ ನಿಲ್ಲಿಸದೆ ಓಡುವ ಖಾಸಗಿ ಬಸ್ಸಿನ ಮೇಲೆ. ಒಂದು ಸಾಲು ಕನ್ನಡ, ಒಂದು ತುಳು, ಒಂದು ಮಲಯಾಳಂ. ಕಂಡಕ್ಟರನ ವಿಸಿಲನ್ನೂ ಬಾಯಲ್ಲೇ ಊದುತ್ತಿದ್ದರು.

ನಾನು ಅಂದದ್ದು ಇಷ್ಟು: "ಇದು ಕನ್ನಡ ಕಾರ್ಯಕ್ರಮ. ಇಂಥದ್ದೆಲ್ಲ ಇಲ್ಲಿ ನಡೆಯುವುದಿಲ್ಲ." ಮಲಯಾಳಂ ವಿಭಾಗದ ಶಿಕ್ಷಕರೂ ತಮ್ಮ ಸಮಯದಲ್ಲಿ ಕನ್ನಡದ ಸಾಲು ಬೇಡ ಅಂದರು. ಐದು ಮಕ್ಕಳು ಎರಡು ಬಾಗಿಲು ತಟ್ಟಿ ಹಿಂದೆ ಹೋದರು.

ಅವತ್ತು ವೇದಿಕೆಯ ಮೇಲೆ ನಾನು ಕಲಿಸಿದ ನಾಡಗೀತೆ ಚೆನ್ನಾಗಿಯೇ ನಡೆಯಿತು. ರೀಲಿನಲ್ಲಿ ಒಂದು ಫೋಟೋ ಉಳಿದಿತ್ತು. ವೇದಿಕೆಯ ಹಿಂಬದಿ ನೀರಿನ ಟ್ಯಾಂಕಿನ ಹತ್ತಿರ ಈ ಐವರು ತಮ್ಮಷ್ಟಕ್ಕೆ ಹಾಡುತ್ತಿದ್ದರು. ಸುತ್ತ ಏಳೆಂಟು ಸಣ್ಣ ಮಕ್ಕಳು ಕುಣಿಯುತ್ತಿದ್ದರು. ರೀಲು ಮುಗಿಯಲಿ ಎಂದು ಕ್ಲಿಕ್ ಮಾಡಿದೆ.

ಅಟ್ಟದ ಟ್ರಂಕಿನಲ್ಲಿ ಆ ಫೋಟೋ ಸಿಕ್ಕಿತು. ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ನೋಡುತ್ತಾ ಕೂತಾಗ ಹೊಳೆಯಿತು: ಈ ಮೂವರು ಕನ್ನಡ ಮಾಧ್ಯಮದ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವವರು ಒಬ್ಬರೂ ಇರಲಿಲ್ಲ. ಇಬ್ಬರ ಮನೆಯಲ್ಲಿ ತುಳು, ಒಬ್ಬನದು ಕೊಂಕಣಿ. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದು ನೀರಿನ ಟ್ಯಾಂಕಿನ ಹತ್ತಿರ ನಿಂತಿತ್ತು. ನಾನು ಓಡಿಸಿದ ಆ ಹಾಡಿನ ಕನ್ನಡದ ಸಾಲುಗಳನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಂಕಕ್ಕಾಗಿ ಬರೆದದ್ದೂ ಅಲ್ಲ. ತಮ್ಮ ಸಿಟ್ಟಿಗೆ ಬೇಕೆಂದು ಕನ್ನಡವನ್ನು ತಾವೇ ಎತ್ತಿಕೊಂಡಿದ್ದರು. ಭಾಷೆ ಬದುಕುವುದು ಅಂದರೆ ಅದೇ ಅಲ್ಲವೇ? ಈಗ ಒಂದು ಸಾಲೂ ನೆನಪಿಲ್ಲ. ಅವಳಿಗೂ ನೆನಪಿಲ್ಲವಂತೆ. ಫೋಟೋದಲ್ಲಿ ಐದೂ ಬಾಯಿ ತೆರೆದಿವೆ, ಸದ್ದು ಮಾತ್ರ ಇಲ್ಲ.

ನಮ್ಮದಕ್ಕೂ ಬೆಲ್‌ಫಾಸ್ಟಿನದಕ್ಕೂ ಹೋಲಿಕೆ ಮಾಡುತ್ತಿಲ್ಲ. ನಮ್ಮಲ್ಲಿ ಅಷ್ಟು ರಕ್ತ ಹರಿದಿಲ್ಲ, ಒಂದೇ ಬಾವಿಯ ನೀರು ಕುಡಿದವರು ನಾವು. ಕನ್ನಡದ ಸಮಯ, ಕನ್ನಡದ ಡಿವಿಷನ್, ಕನ್ನಡದ ಹುದ್ದೆ ಇವನ್ನೆಲ್ಲ ಬಿಟ್ಟುಕೊಡಿ ಅಂತಲೂ ಹೇಳುತ್ತಿಲ್ಲ. ಅದಕ್ಕಾಗಿ ನಾನು ಈಗಲೂ ಅರ್ಜಿ ಬರೆಯುತ್ತೇನೆ, ಧರಣಿಗೆ ಹೋಗುತ್ತೇನೆ. ಆ ಒಂದೂವರೆ ಗಂಟೆಯನ್ನು ಕಾದದ್ದು ತಪ್ಪಲ್ಲ. ಒಳಗೆ ಬರುತ್ತಿದ್ದವರನ್ನು ಹೊರಗಿನವರೆಂದು ತಿಳಿದದ್ದು ತಪ್ಪು.

ಫೋಟೋ ಕಳಿಸಿದೆ. ಜತೆಗೆ ಬರೆದೆ, "ಅವತ್ತು ನಾನು ಹಾಗೆ ಹೇಳಬಾರದಿತ್ತು ಮಗಾ."

ಸ್ವಲ್ಪ ಹೊತ್ತು ಉತ್ತರವಿಲ್ಲ. ಡ್ಯೂಟಿಯಲ್ಲಿದ್ದಳೋ ಏನೋ. ರಾತ್ರಿ ಬಂತು:

"ಬಿಡಿ ಮಾಸ್ಟ್ರೇ, ಆಗ ತುಂಬ ಕೂಗಿದ್ದೆ, ಈಗ ಏನಿಲ್ಲ. ಅಜ್ಜಿಗೆ ತೋರಿಸಿದೆ. ಯಾರು ಯಾವ ವಿಭಾಗ ಅಂತ ಹೇಳಲು ಹೊರಟರೆ ಅವರು ಕೇಳಲೇ ಇಲ್ಲ. ಕನ್ನಡಕ ಹಾಕಿ ನೋಡಿ, ಆ ಡ್ರಮ್ ಯಾವುದರದ್ದು ಅಂದರು. ಪೈಂಟಿನ ಡಬ್ಬ ಅಂದೆ. ಒಳ್ಳೆಯ ಸದ್ದು ಬಂದಿರಬೇಕು ಅಂದರು."

ಬಂದಿತ್ತು. ವೇದಿಕೆಯ ಎದುರು ನಿಂತವನಿಗೂ ಕೇಳಿಸುತ್ತಿತ್ತು, ನನಗೆ ನೆನಪಿದೆ.

ಈ ವರ್ಷದ ವಾರ್ಷಿಕೋತ್ಸವದ ಪಟ್ಟಿ ಮಾಡುವ ಕೆಲಸ ಮತ್ತೆ ನನ್ನ ತಲೆಗೇ ಬಂದಿದೆ. ಮಲಯಾಳಂ ವಿಭಾಗದ ಟೀಚರ ಹತ್ತಿರ ಮಾತನಾಡಿದ್ದೇನೆ. ಅವರು ಹತ್ತು ನಿಮಿಷ, ನಾವು ಹತ್ತು ನಿಮಿಷ ಬಿಟ್ಟರೆ ನಡುವೆ ಇಪ್ಪತ್ತು ನಿಮಿಷ ಸಿಗುತ್ತದೆ. ಯಾವ ಮಕ್ಕಳು ಬರುತ್ತಾರೋ, ಏನು ಹಾಡುತ್ತಾರೋ ಗೊತ್ತಿಲ್ಲ. ಬಂದವರ ಹತ್ತಿರ ಯಾವ ವಿಭಾಗ ಅಂತ ಕೇಳುವುದಿಲ್ಲ ಎಂದು ಅಂದುಕೊಂಡಿದ್ದೇನೆ. ಹಳೆ ಅಭ್ಯಾಸ, ಬಾಯಿಗೆ ಬಂದೇ ಬರುತ್ತದೆ. ತಡೆಯಬೇಕು.