ವಾರ್ಡಿಗೊಂದು ಕೂಸಿನ ಮನೆ

ಬೆಂಗಳೂರಲ್ಲಿ ಯಾವ ಬಿಲ್ಡಿಂಗ್ ಸೈಟ್ ಮುಂದೆ ಹೋದ್ರೂ ನಮಗೆಲ್ಲ ಕಾಣೋದು ಒಂದೇ: ಅಮ್ಮ ಬಾಂಡ್ಲಿ ಹೊರ್ತಿರ್ತಾಳೆ, ಮಗು ಮರಳಲ್ಲಿ ಆಡ್ತಿರುತ್ತೆ. ಅಂಗನವಾಡಿ ಇದೆಯಲ್ಲ ಅಂತೀರಾ? ಅಲ್ಲಿ ಕೂರಿಸಿ ಕಲಿಸೋದು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದೂ ಸಂಜೆ ನಾಲ್ಕಕ್ಕೆ ಮುಗಿಯುತ್ತೆ. ಸೈಟ್ ಕೆಲಸ ಬಿಡೋದು ಆರಕ್ಕೆ.

2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕಿತ್ತು. ಹತ್ತು ಹೆಂಗಸರಿರೋ ಸೈಟಿಗೆ ಆ ನಿಯಮ ತಾಗ್ತಾನೇ ಇರಲಿಲ್ಲ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರಿಗಾಗಿ 2023ರಲ್ಲಿ ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಶುರುವಾಯ್ತು. ಪಂಚಾಯಿತಿ ಕೈಲಾಗೋದು ಮಹಾನಗರ ಪಾಲಿಕೆ ಕೈಲಿ ಯಾಕಾಗಲ್ಲ?

ಹೊಸ ಕಟ್ಟಡವೇನೂ ಬೇಕಿಲ್ಲ. ಪಾಲಿಕೆಯ ಶಾಲೆಗಳಿವೆ, ವಾರ್ಡ್ ಕಚೇರಿಗಳಿವೆ. ವಾರ್ಡಿಗೊಂದು ಕೋಣೆ, ಇಬ್ಬರು ಆಯಾಗಳು, ಸಂಜೆ ಏಳರವರೆಗೆ ತೆರೆದ ಬಾಗಿಲು. ಇಷ್ಟರಿಂದ ಶುರು ಮಾಡಬಹುದು. ಕಟ್ಟಡದ ನಕ್ಷೆ ಮಂಜೂರು ಮಾಡೋದೂ ಪಾಲಿಕೆಯೇ. ಆಗಲೇ ಬಿಲ್ಡರ್‌ಗಳಿಂದ ಇದಕ್ಕೊಂದು ಪಾಲು ಕೇಳುವ ನಿಯಮ ತರಬಹುದಲ್ವಾ?

ಕೇಳೋಣ ಅಂದ್ರೆ ಯಾರನ್ನ? ಬೆಂಗಳೂರು ಕಾರ್ಪೊರೇಟರ್‌ಗಳನ್ನ ಆರಿಸಿದ್ದು 2015ರಲ್ಲಿ. ಅವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು. 2025ರಲ್ಲಿ ಒಂದು ಪಾಲಿಕೆ ಐದಾಯ್ತು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಕ್ಲಾಸಿನವರೂ ಕಾರ್ಪೊರೇಟರ್ ಆರಿಸೋಕೆ ಇನ್ನೂ ಒಂದು ವೋಟು ಹಾಕಿಲ್ಲ. ನಾಳೆ ವೋಟು ಕೇಳ್ಕೊಂಡು ಬಂದವರನ್ನ ರಸ್ತೆ ಗುಂಡಿ ಬಗ್ಗೆ ಕೇಳೇ ಕೇಳ್ತೀವಿ. ಜೊತೆಗೆ ಇನ್ನೊಂದು ಪ್ರಶ್ನೆ ಇರಲಿ: ನಮ್ಮ ವಾರ್ಡಲ್ಲಿ ಕೂಸಿನ ಮನೆ ಯಾವಾಗ ಸಾರ್?