ಯಾಣ, ಭಾಗ 4: ಡಿಲೀಟ್ ಮಾಡಿದ ದಾರಿ

ಹೋದ ವರ್ಷ ಆಗಸ್ಟ್‌ನಲ್ಲಿ ನಾನು ಹಾಕಿದ್ದ ಯಾಣದ ರೀಲ್ ಎಲ್ಲಿ ಹೋಯ್ತು ಅಂತ ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ದೀರಿ. ಇನ್‌ಸ್ಟಾದವರು ತೆಗೆದದ್ದಲ್ಲ, ನಾನೇ ತೆಗೆದೆ. ಅದಕ್ಕೆ ನಲವತ್ತು ಸಾವಿರ ವ್ಯೂಸ್ ಇತ್ತು, ನನ್ನ ಪೇಜಿನಲ್ಲಿ ಅಷ್ಟು ಓಡಿದ್ದು ಅದೊಂದೇ. ಯಾಕೆ ತೆಗೆದೆ ಅಂತ ಈ ಭಾಗದಲ್ಲಿ ಹೇಳ್ತೀನಿ. ಆದ್ರೆ ಮೊದಲು ಕಲ್ಲು ನೋಡಿ, ಆಮೇಲೆ ಕಥೆ. ಕಲ್ಲು ಅರ್ಥವಾಗದೆ ಕಥೆ ಅರ್ಥವಾಗಲ್ಲ.

ಫೋಟೋ 1. ಇವೆರಡೂ ಯಾಣದ ಶಿಖರಗಳು. ದೊಡ್ಡದು ಭೈರವೇಶ್ವರ ಶಿಖರ, 120 ಮೀಟರ್. ಚಿಕ್ಕದು ಮೋಹಿನಿ ಶಿಖರ, 90 ಮೀಟರ್. ನಲವತ್ತು ಅಂತಸ್ತಿನ ಕಟ್ಟಡವೊಂದನ್ನ ಕಾಡಿನ ಮಧ್ಯ ತಂದು ನಿಲ್ಲಿಸಿ, ಮೇಲಿಂದ ಕೆಳಗಿನವರೆಗೆ ಯಾರೋ ಕೊಡಲಿಯಲ್ಲಿ ಕೆತ್ತಿದ ಹಾಗೆ. ಫೋಟೋದಲ್ಲಿ ಇದರ ಅಳತೆ ಸಿಗೋದೇ ಇಲ್ಲ. ಕೆಳಗೆ ಎಡಕ್ಕೆ ಒಂದು ಕೆಂಪು ಚುಕ್ಕಿ ಇದೆಯಲ್ಲ, ಅದು ಮನುಷ್ಯ. ಝೂಮ್ ಮಾಡಿ.

ಊರು ಕುಮಟಾ ತಾಲೂಕಿನದು, ಉತ್ತರ ಕನ್ನಡ. ಶಿರಸಿ ಕಡೆಯಿಂದಲೂ ಬರಬಹುದು, ಕುಮಟಾ ಕಡೆಯಿಂದಲೂ ಬರಬಹುದು. ಗಾಡಿ ನಿಲ್ಲಿಸಿ ಕಾಡು ಹೊಕ್ಕ ಮೇಲೆ ಸುಮಾರು ಹೊತ್ತು ನಿಮಗೆ ಬಂಡೆ ಕಾಣಲ್ಲ. ಮರ, ಬಳ್ಳಿ, ಪಕ್ಕದಲ್ಲಿ ಹಳ್ಳದ ಸದ್ದು ಅಷ್ಟೇ. ಆಮೇಲೆ ಮೆಟ್ಟಿಲು ಶುರುವಾಗುತ್ತೆ, ಏದುಸಿರು ಬಿಡ್ತಾ ತಲೆ ಎತ್ತಿದ್ರೆ ಎಲೆಗಳ ಸಂದಿಯಲ್ಲಿ ಆಕಾಶ ಇರಬೇಕಾದ ಜಾಗದಲ್ಲಿ ಕಪ್ಪು ಗೋಡೆ. ನಾನು ಹತ್ತಿಪ್ಪತ್ತು ಸಲ ಹೋಗಿದ್ದೀನಿ, ಆ ತಿರುವಿನಲ್ಲಿ ಇವತ್ತಿಗೂ ಮಾತು ನಿಲ್ಲುತ್ತೆ.

ಶಿವನಿಂದ ವರ ಪಡೆದ ಭಸ್ಮಾಸುರ ಶಿವನ ತಲೆ ಮೇಲೇ ಕೈ ಇಡೋಕೆ ಹೊರಟ, ಮೋಹಿನಿ ಅವನನ್ನ ಕುಣಿಸಿ ಕುಣಿಸಿ ಅವನ ಕೈಯನ್ನ ಅವನ ತಲೆ ಮೇಲೇ ಇಡಿಸಿದಳು, ಅವನು ಸುಟ್ಟು ಬೂದಿಯಾದ ಜಾಗವೇ ಇದು, ಕಲ್ಲೂ ಮಣ್ಣೂ ಕಪ್ಪಾಗಿರೋದು ಅದಕ್ಕೇ. ಇದು ಊರಿನ ಕಥೆ. ನಮ್ಮ ಜಿಯಾಲಜಿ ಕ್ಲಾಸಿನ ಕಥೆ ಬೇರೆ. ಇದು ಸ್ಫಟಿಕದಂತೆ ಗಟ್ಟಿಕಟ್ಟಿದ ಸುಣ್ಣಕಲ್ಲು. ಕ್ಲಾಸ್‌ಮೇಟ್ಸ್ ಈ ಪ್ಯಾರಾ ಸ್ಕಿಪ್ ಮಾಡಿ, ನಿಮಗೆ ಇಂಟರ್ನಲ್ಸ್‌ನಲ್ಲಿ ಬಂದಿದೆ. ಉಳಿದವರಿಗೆ: ಮಳೆನೀರು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡನ್ನ ಸ್ವಲ್ಪ ಕರಗಿಸಿಕೊಂಡು ಬರುತ್ತೆ, ಕಾಡಿನ ಕೊಳೆತ ಎಲೆಗಳ ಮೂಲಕ ಇಳಿಯುವಾಗ ಇನ್ನಷ್ಟು ಸೇರಿಸಿಕೊಳ್ಳುತ್ತೆ. ಹಾಗೆ ಆಗೋದು ತುಂಬಾ ಸೌಮ್ಯವಾದ ಆಮ್ಲ, ಸೋಡಾದಲ್ಲಿರೋದೂ ಅದೇ. ಕುಡಿದ್ರೆ ನಿಮಗೇನೂ ಆಗಲ್ಲ. ಸುಣ್ಣಕಲ್ಲಿಗೆ ಆಗುತ್ತೆ. ಈ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಲೆಕ್ಕ ಸಿಗದಷ್ಟು ಮಳೆಗಾಲ ಕಲ್ಲನ್ನ ನೆಕ್ಕಿ ನೆಕ್ಕಿ ಮೆತ್ತಗಿದ್ದದ್ದನ್ನ ಒಯ್ದುಬಿಟ್ಟಿದೆ, ಉಳಿದದ್ದು ಈ ಅಲಗುಗಳು.

ಅಲಗು ಅಂತ ಸುಮ್ನೆ ಬರೆದಿದ್ದಲ್ಲ. ಫೋಟೋ 3 ನೋಡಿ. ನೀರು ಹರಿದ ಗೀರುಗಳ ನಡುವೆ ಉಳಿದ ಅಂಚು ಈಳಿಗೆಮಣೆಯ ಹಾಗೆ ಇರುತ್ತೆ. ಕರಾವಳಿಯ ಚಿರೆಕಲ್ಲಿನ ಮೇಲೆ ಬಿದ್ರೆ ಮೊಣಕಾಲು ತರಚುತ್ತೆ. ಇದರ ಮೇಲೆ ಬಿದ್ರೆ ಕೊಯ್ಯುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಭೈರವೇಶ್ವರ ಶಿಖರದ ಬುಡದಲ್ಲಿ ಗುಹೆ, ಅಲ್ಲಿ ಲಿಂಗ, ಮೇಲಿನ ಕಲ್ಲಿನಿಂದ ಅದರ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರುತ್ತೆ. ಚಪ್ಪಲಿ ಬಿಟ್ಟು ಶಿಖರದ ಹಿಂದಿನ ಬಿರುಕಿನೊಳಗೆ ಹೋಗಬಹುದು. ಬಂಡೆಯ ಹೊಟ್ಟೆಯೊಳಗೆ ನಡೆದ ಹಾಗೆ. ಬರಿಗಾಲಿಗೆ ಕಲ್ಲು ತಣ್ಣಗೆ, ಬಾವಲಿ ವಾಸನೆ, ಎಷ್ಟೋ ಎತ್ತರದಲ್ಲಿ ಒಂದು ಸೀಳಿನಿಂದ ಬೆಳಕು. ಅಲ್ಲಿ ಕಿರುಚಬೇಡಿ ಮಾರಾಯ್ರೆ. ಪ್ರತಿಧ್ವನಿ ಬರುತ್ತೆ ಅಂತ ಎಲ್ಲರೂ ಕಿರುಚ್ತಾರೆ. ಹೊರಗಡೆ ತಲೆ ಮೇಲೆ ಕಪ್ಪು ಹಲಗೆಗಳ ಥರ ತೂಗ್ತಿರೋದು ಹೆಜ್ಜೇನು. ಅವಕ್ಕೆ ನಿಮ್ಮ ಡ್ರೋನೂ ಇಷ್ಟ ಇಲ್ಲ, ಸೆಂಟೂ ಇಷ್ಟ ಇಲ್ಲ.

ನಮ್ಮ ಕಡೆ ಒಂದು ಗಾದೆ ಇದೆ: ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ. ರಸ್ತೆ ಇಲ್ಲದ ಕಾಲದ ಮಾತು. ಗೋಕರ್ಣದಲ್ಲಿ ಪೂಜೆಗೆ ದುಡ್ಡು ಬೇಕು, ಯಾಣ ಮುಟ್ಟೋಕೆ ಮೈಯಲ್ಲಿ ಸೊಕ್ಕು ಬೇಕು. ತೊಂಬತ್ತರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ ಸಿನಿಮಾ ಬಂದ ಮೇಲೆ ಇಡೀ ಕರ್ನಾಟಕ ಇಲ್ಲಿಗೆ ಹರಿದು ಬಂತು. ಅದಕ್ಕೂ ಮೊದಲು ಬರ್ತಾ ಇದ್ದವರು ಶಿವರಾತ್ರಿ ಜಾತ್ರೆಗೆ ಸುತ್ತಲಿನ ಊರುಗಳಿಂದ ಕಾಲುದಾರಿಯಲ್ಲಿ ನಡೆದು ಬರೋ ಜನ. ನನ್ನ ದೊಡ್ಡಪ್ಪನೂ ಚಿಕ್ಕವನಿದ್ದಾಗ ಸೂಡಿ ಹಿಡಿದು ರಾತ್ರಿಯೆಲ್ಲ ನಡೆದು ಬಂದವನೇ.

ಈಗ ಆ ರೀಲ್.

ಹೋದ ವರ್ಷ ಶ್ರಾವಣದಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಆ ಹಳೇ ಕಾಲುದಾರಿಯಲ್ಲಿ ಇಳಿದೆ. ಅವನು ಮುಂದೆ, ಕೈಯಲ್ಲಿ ಕತ್ತಿ, ಬಳ್ಳಿ ಸವರ್ತಾ. ನಾನು ಹಿಂದೆ, ಕೈಯಲ್ಲಿ ಫೋನು. ದಾರಿ ಅಂತ ಅಲ್ಲಿ ಏನೂ ಇಲ್ಲ. ಎರಡು ಕಡೆ ಹಳ್ಳ ದಾಟಬೇಕು, ಒಂದು ಕಡೆ ಸುಣ್ಣಕಲ್ಲಿನ ತುಂಡುಗಳು ನೆಲದಿಂದ ಮೊಣಕಾಲೆತ್ತರ ಎದ್ದಿವೆ, ಮೇಲೆಲ್ಲ ಪಾಚಿ. ಎಲ್ಲಿ ಕಾಲಿಡಬೇಕು ಅಂತ ದೊಡ್ಡಪ್ಪ ತಿರುಗಿ ತಿರುಗಿ ಹೇಳ್ತಿದ್ದ. ಬಂಡೆ ಕಂಡಾಗ ಮಂಜು ಸರಿದು ಶಿಖರದ ತುದಿ ಮಾತ್ರ ಆಕಾಶದಲ್ಲಿ ತೇಲ್ತಾ ಇತ್ತು. ಅದನ್ನೇ ಕೊನೇ ಶಾಟ್ ಮಾಡಿದೆ.

ಎಡಿಟ್ ಮಾಡುವಾಗ ದೊಡ್ಡಪ್ಪನನ್ನ ಕತ್ತರಿಸಿದೆ. ಅವನ ಬೆನ್ನು ಬಂದ ಕ್ಲಿಪ್‌ಗಳನ್ನೆಲ್ಲ ತೆಗೆದೆ, ಅವನ ಧ್ವನಿ ಇದ್ದ ಕಡೆ ಮ್ಯೂಸಿಕ್ ಹಾಕಿದೆ. ಒಬ್ಬನೇ ಹೋದ ಹಾಗೆ ಕಾಣಬೇಕಿತ್ತು. ಕ್ಯಾಪ್ಶನ್: ಯಾರಿಗೂ ಗೊತ್ತಿಲ್ಲದ ದಾರಿ. ಕೆಳಗೆ ಶುರುವಾಗೋ ಜಾಗದ ಲೊಕೇಶನ್.

ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲೇಜಿನ ಇಬ್ಬರು ಜೂನಿಯರ್ಸ್ ಧಾರವಾಡದಿಂದ ಬೈಕ್‌ನಲ್ಲಿ ಬಂದರು. ಕಾಡು ಹೊಕ್ಕಾಗ ಮಧ್ಯಾಹ್ನ ಮೂರು ಗಂಟೆ. ನನ್ನ ರೀಲ್‌ನಲ್ಲಿ ದಾರಿ ನಲವತ್ತು ಸೆಕೆಂಡು ಅಷ್ಟೇ. ಎರಡನೇ ಹಳ್ಳದ ಹತ್ತಿರ ದಾರಿ ತಪ್ಪಿದೆ. ಮಳೆ ಹಿಡಿದಿದೆ, ನೆಟ್‌ವರ್ಕ್ ಇಲ್ಲ, ಕಾಲ ತುಂಬ ಉಂಬಳ. ಪಾಚಿಯ ಮೇಲೆ ಜಾರಿದವನು ಕೈಯೂರಿ ಬಿದ್ದದ್ದು ಆ ಈಳಿಗೆಯಂಥ ಅಂಚಿನ ಮೇಲೆ. ಅಂಗೈ ಸೀಳಿತು, ಪಾದ ಉಳುಕಿ ನಿಲ್ಲೋಕೆ ಆಗಲಿಲ್ಲ. ಇನ್ನೊಬ್ಬ ಅವನನ್ನ ಮರದ ಬುಡದಲ್ಲಿ ಕೂರಿಸಿ, ಬಂದ ದಾರಿ ಹುಡುಕ್ತಾ ಏಳು ಗಂಟೆಗೆ ಒಂದು ಮನೆ ಬಾಗಿಲು ತಟ್ಟಿದ.

ಊರಲ್ಲಿ ಆ ದಾರಿ ಕತ್ತಲಲ್ಲೂ ಗೊತ್ತಿರೋನು ಅಂದ್ರೆ ನನ್ನ ದೊಡ್ಡಪ್ಪ. ಅವನೂ ಇನ್ನೂ ಮೂವರೂ ಬ್ಯಾಟರಿ ಹಿಡಿದು ಹೊರಟರು. ಕೂಗ್ತಾ ಹೋಗಿ, ಒಂಬತ್ತೂವರೆಗೆ ಹುಡುಗನ ದನಿ ಕೇಳಿಸ್ತಂತೆ. ಎರಡು ಬಿದಿರಿಗೆ ಕಂಬಳಿ ಕಟ್ಟಿ ಹೊತ್ತು ತಂದರು.

ಮರುದಿನ ನಾನು ಆಸ್ಪತ್ರೆಗೆ ಹೋದೆ. ಅಂಗೈಗೆ ಹೊಲಿಗೆ ಹಾಕಿದ್ರು, ಬಲಗೈ. ಆ ಸೆಮಿಸ್ಟರಿನ ಪ್ರಾಕ್ಟಿಕಲ್ಸ್ ಬರೆಯೋಕೆ ಅವನಿಗೆ ಆಗಲಿಲ್ಲ. ಅವನ ಅಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ರು. ಬೈತಾರೆ ಅಂತ ತಯಾರಾಗಿ ಹೋಗಿದ್ದೆ, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು:

“ನೀ ಒಬ್ಬನ ಹೋಗಿದ್ದೇನಪಾ ಆ ದಾರ್ಯಾಗ?”

“ಹೌದ್ರೀ ಆಂಟಿ” ಅಂದೆ.

“ಹಂಗಾದ್ರ ನಮ್ಮ ಹುಡುಗಂದ ತಪ್ಪು ಬಿಡು. ಅವಂಗ ದಾರಿ ತಿಳೀಲಿಲ್ಲ.”

ಆಮೇಲೆ ಒಳಗೆ ಹೋಗಿ ಅದನ್ನೇ ಅವನಿಗೆ ಹೇಳಿದ್ರು, ನನ್ನ ಎದುರಿಗೇ. ಸೀನಿಯರ್ ಒಬ್ಬನೇ ಹೋಗಿ ಬಂದಾನ, ನಿಂಗ ಯಾಕ ಆಗಲಿಲ್ಲ ಅಂತ. ಅವನು ತಲೆ ತಗ್ಗಿಸಿ ಹ್ಞೂಂ ಅಂದ. ನಾನು ಕಿತ್ತಳೆ ಹಣ್ಣಿನ ಚೀಲ ಟೇಬಲ್ ಮೇಲಿಟ್ಟು ಬಂದೆ.

ದೊಡ್ಡಪ್ಪ ಫೋನಿನಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಹುಡುಗ ಹ್ಯಾಗಿದ್ದಾನೆ ಅಂತ ಕೇಳಿದ. ಇಡೋ ಮೊದಲು, “ತಮಾ, ಆ ವಿಡಿಯೋದಲ್ಲಿ ನಾ ಇದ್ದಿದ್ದೇ ಇಲ್ಲೆ ಅಲ್ದಾ?” ಅಂದ. ಯಾರೋ ಅವನಿಗೆ ತೋರಿಸಿದ್ರಂತೆ. ಅವತ್ತು ರಾತ್ರಿ ರೀಲ್ ತೆಗೆದೆ. ತೆಗೆದ್ರೆ ಸಾಕು ಅಂತ ಅಂದುಕೊಂಡೆ. ಆರು ತಿಂಗಳು ಹಾಗೇ ಅಂದುಕೊಂಡಿದ್ದೆ.

ಹಾಗಾಗಿ ಈಗ ಇಲ್ಲಿ ಬರೀತಿದ್ದೀನಿ: ನಾನು ಒಬ್ಬನೇ ಹೋಗಿರಲಿಲ್ಲ. ಆ ದಾರೀಲಿ ನಾನು ಒಬ್ಬನೇ ಹೋಗಿದ್ರೆ ಎರಡನೇ ಹಳ್ಳದ ಹತ್ತಿರ ನಾನೂ ತಪ್ತಿದ್ದೆ. ಜೂನಿಯರ್‌ಗೆ ಇದನ್ನ ಪೋಸ್ಟ್ ಮಾಡೋ ಮೊದಲೇ ಓದಿಸಿದ್ದೀನಿ. ಹೆಸರು ಹಾಕಬೇಡ, ಉಳಿದದ್ದು ಹಾಕು ಅಂದ. ಮತ್ತೆ, “ಅಣ್ಣಾ, ನಾ ಆರು ತಿಂಗಳು ನನಗ ದಮ್ಮಿಲ್ಲ ಅಂತ ತಿಳಕೊಂಡಿದ್ದೆ” ಅಂದ.

ದಾರಿ ಎಲ್ಲಿಂದ ಶುರು ಅಂತ ಈ ಸಲ ಬರೆದಿಲ್ಲ, ಕಾಮೆಂಟ್‌ನಲ್ಲಿ ಕೇಳಬೇಡಿ. ಯಾಣಕ್ಕೆ ಹೋಗಿ, ಖಂಡಿತ ಹೋಗಿ. ಮಳೆ ನಿಂತ ಮೇಲೆ, ನವೆಂಬರಿಂದ ಫೆಬ್ರವರಿ ಒಳಗೆ, ಎಲ್ಲರೂ ಹೋಗೋ ಮೆಟ್ಟಿಲಿನ ದಾರೀಲಿ. ಬೆಳಿಗ್ಗೆ ಬೇಗ ಹೋದ್ರೆ ಜನ ಇರಲ್ಲ, ಬೆಳಕೂ ಚೆನ್ನಾಗಿ ಬೀಳುತ್ತೆ. ಹಿಡಿತ ಇರೋ ಶೂ ಹಾಕಿ, ನೀರಿನ ಬಾಟಲಿ ವಾಪಸ್ ತನ್ನಿ. ಬಂಡೆ ಮುಟ್ಟಿ ನೋಡಿ, ಹತ್ತಬೇಡಿ. ಟೈಮ್ ಇದ್ರೆ ಹತ್ತಿರದ ವಿಭೂತಿ ಜಲಪಾತವನ್ನೂ ನೋಡಿ ಬನ್ನಿ.

ಕೊನೇ ಫೋಟೋ ದೊಡ್ಡಪ್ಪನದು. ಅವತ್ತು ಕತ್ತರಿಸಿದ ಕ್ಲಿಪ್‌ನಿಂದ ತೆಗೆದ ಸ್ಕ್ರೀನ್‌ಶಾಟ್, ಅದಕ್ಕೇ ಸ್ವಲ್ಪ ಮಸುಕು. ತಿರುಗಿ ನೋಡಿ ಏನೋ ಹೇಳ್ತಿದ್ದಾನೆ. ಎಡಗಾಲು ಎಲ್ಲಿಡಬೇಕು ಅಂತ ಇರಬೇಕು.

ಮುಂದಿನ ಭಾನುವಾರ ಮೆಟ್ಟಿಲಿನ ದಾರೀಲಿ ಹೋಗ್ತಿದ್ದೀವಿ. ನಾನು, ದೊಡ್ಡಪ್ಪ, ಮತ್ತೆ ಜೂನಿಯರ್ ಬರ್ತೀನಿ ಅಂದಿದ್ದಾನೆ. ಅಮ್ಮನಿಗೆ ಹೇಳಿಯೇ ಬಾ ಅಂದೆ. “ನೀವ ಹೇಳ್ರಿ” ಅಂದ. ನಂಬರ್ ಕಳಿಸಿದ್ದಾನೆ. ಇನ್ನೂ ಮಾಡಿಲ್ಲ, ಇದನ್ನ ಪೋಸ್ಟ್ ಮಾಡಿದ ಮೇಲೆ ಮಾಡ್ತೀನಿ.

#ಯಾಣ #ಕುಮಟಾ #ಸುಣ್ಣಕಲ್ಲು